ರೊಟ್ಟಿ ಲೇಖನಕ್ಕೊಂದು ನಕ್ಷತ್ರ

ಬಿಟ್ಟಿ ಕೆಲಸಕ್ಕೆ ಕೈ ಹಾಕಿದವನಿಗೆ ಸಂಬಳ ಬರದಿದ್ದರೂ ನಗುವುದಕ್ಕೇನೂ ಬರವಿರುವುದಿಲ್ಲ. ವಿಜಯಪುರದ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕ. ಸಂಜೆ ಸಿದ್ಧೇಶ್ವರ ಗುಡಿ ಹತ್ತಿರದ ಮನೆಗೆ ಬಂದು, ಚಹಾ ಕುಡಿದು, ಅಂತರ್ಜಾಲದ ಕನ್ನಡ ವಿಶ್ವಕೋಶ ತೆರೆದು ಕೂಡುತ್ತೇನೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎನ್ನುವಂಥ ವಿಶ್ವಕೋಶ ಅದು. ಲೇಖನದ ಗುಣಮಟ್ಟ ನೋಡಿ, ಚೆನ್ನಾಗಿದ್ದರೆ ಅದರ ತಲೆಯ ಮೇಲೊಂದು ನಕ್ಷತ್ರ ಇಡುವುದು ನನ್ನ ಪಾಲಿನ ಕೆಲಸ.

ಈ ಸಲ ನಕ್ಷತ್ರಕ್ಕೆ ಗಂಟುಬಿದ್ದವರು ಬಬಲೇಶ್ವರದ ಒಬ್ಬ ನಿವೃತ್ತ ಮಾಸ್ತರು. ಲೇಖನ ಜೋಳದ ಖಡಕ್ ರೊಟ್ಟಿಯ ಮೇಲೆ. ವಾಕಿಂಗ್ ಗೆಳೆಯರ ಮುಂದೆಲ್ಲ "ನಕ್ಷತ್ರ ಬಂದಂಗ ತಿಳೀರಿ" ಎಂದು ಹೇಳಿಬಿಟ್ಟಿದ್ದರಂತೆ. ಬರದಿದ್ದರೆ ಅವರು ವಾಕಿಂಗನ್ನೇ ಬಿಡಬೇಕಾಗಿತ್ತು.

ಆಧಾರ

ಲೇಖನ ಉದ್ದವಿತ್ತು, ಆದರೆ ಯಾವ ಮಾತಿಗೂ ಪುಸ್ತಕದ ಆಧಾರವಿರಲಿಲ್ಲ. "ಆಧಾರ ಬೇಕು" ಎಂದು ಸಾಲುಸಾಲಿಗೂ ಗುರುತು ಹಾಕಿದೆ. ಬೆಳಗಾಗುತ್ತಲೇ ಮಾಸ್ತರ ಫೋನು.

"ಸರ, ನೀವು ವಿಜಾಪುರದವ್ರ ಹೌದಲ್ಲೋ?"

"ಹೌದ್ರಿ."

"ಮತ್ತ ರೊಟ್ಟಿಗೆ ಪಲ್ಯ ಕೇಳೂದ ಬಿಟ್ಟು ಆಧಾರ ಕೇಳಾಕತ್ತೀರಲ್ರಿ!"

ನಿಷ್ಪಕ್ಷಪಾತ

ಅಂತೂ ಮಾಸ್ತರು ನಮ್ಮ ಗ್ರಂಥಾಲಯಕ್ಕೆ ಬಂದು ಪುಸ್ತಕ ಹುಡುಕಿ ಆಧಾರ ಕೊಟ್ಟರು. ಆದರೆ ಒಂದು ಕಡೆ "ಚಪಾತಿ ತಿನ್ನುವವರಿಗೆ ಶಕ್ತಿ ಇರುವುದಿಲ್ಲ" ಎಂದಿತ್ತು. ವಿಶ್ವಕೋಶ ಯಾರ ಪಕ್ಷವನ್ನೂ ವಹಿಸುವ ಹಾಗಿಲ್ಲ, ಎರಡೂ ಕಡೆಯವರಿಗೆ ನ್ಯಾಯ ಸಿಗುವಂತೆ ತಿದ್ದಿ ಎಂದು ತಿಳಿಸಿದೆ. ಮಾಸ್ತರು ಎರಡು ದಿನ ವಿಚಾರ ಮಾಡಿ ತಿದ್ದಿದರು: "ಚಪಾತಿ ತಿನ್ನುವವರಿಗೂ ಅಲ್ಪಸ್ವಲ್ಪ ಶಕ್ತಿ ಇರುತ್ತದೆ."

ಫೋಟೋ

ಈ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದು ಬರೆದಿದ್ದರು. ಹಾಗಾದರೆ ಮಾಡಿದ ದಿನದ್ದೊಂದು, ತಿಂಗಳ ಮೇಲಿನದೊಂದು ಫೋಟೋ ಹಾಕಿದರೆ ಚಂದ ಎಂದೆ. ಮೊದಲನೆಯ ಫೋಟೋ ಅಂದೇ ಬಂತು: ಬುಟ್ಟಿ ತುಂಬ ರೊಟ್ಟಿ, ಮೇಲೊಂದು ಬಿಳಿ ಅರಿವೆ. ಎರಡನೆಯದು ಬರಲೇ ಇಲ್ಲ. ಕೇಳಿದೆ.

"ಏನ್ ಮಾಡೂದ್ರಿ? ತಿಕೋಟಾದಿಂದ ಬೀಗರು ಬಂದ್ರು. ಬುಟ್ಟ್ಯಾಗ ರೊಟ್ಟಿ ಇಟಗೊಂಡು, ಊಟಕ್ಕ ಏಳ್ರಿ ಅನ್ಲಾರದ ಕಳಸಾಕ ಬರ್ತೈತೇನು?"

ಮತ್ತೊಂದು ಬುಟ್ಟಿ ಇಟ್ಟರು. ಅದು ಕಳ್ಳಕವಟಗಿಯಿಂದ ಬಂದ ಭಾವನ ಪಾಲಾಯಿತು. ಕೊನೆಗೆ ಮಾಸ್ತರು ಫೋಟೋದ ಆಸೆ ಬಿಟ್ಟು, ಲೇಖನಕ್ಕೊಂದು ಸಾಲು ಸೇರಿಸಿದರು: "ತಿಂಗಳಾದರೂ ಕೆಡುವುದಿಲ್ಲ ಎನ್ನುತ್ತಾರೆ, ಕಂಡವರಿಲ್ಲ."

ಮಾನ್ಯ ಸಂಪಾದಕರು

ಇನ್ನೇನು ನಕ್ಷತ್ರ ಇಡಬೇಕು, ಅಷ್ಟರಲ್ಲಿ ಹೊಸ ಸಂಪಾದಕರೊಬ್ಬರು ಹುಟ್ಟಿಕೊಂಡರು. ವಿಶ್ವಕೋಶದಲ್ಲಿ ತಿದ್ದುವವರೆಲ್ಲ ಸಂಪಾದಕರೇ. ಮಾಸ್ತರು "ಹಿಟ್ಟಿಗೆ ತಣ್ಣೀರು ಹಾಕಿ ನಾದಬೇಕು" ಎಂದು ಬರೆದಿದ್ದನ್ನು ಅಳಿಸಿ, "ಕುದಿಯುವ ಎಸರು ಹಾಕಬೇಕು" ಎಂದು ಬರೆದರು. ತಿದ್ದಿದ್ದಕ್ಕೆ ಕಾರಣ ಬರೆಯುವ ಜಾಗದಲ್ಲಿ ಹೀಗಿತ್ತು: "ಈ ಮನುಷ್ಯಾ ಅಡಗಿಮನಿಗೆ ಬರೂದು ಚಹಾ ಆತೇನು ಅಂತ ಕೇಳಾಕಷ್ಟ."

ಮಾಸ್ತರು ತಣ್ಣೀರನ್ನು ಮರಳಿ ತಂದರು. ಹೊಸಬರು ಮತ್ತೆ ಎಸರು ಕುದಿಸಿದರು. ಹೀಗೆ ನಡೆದರೆ ನಕ್ಷತ್ರ ಇಡುವ ಹಾಗಿಲ್ಲ. ಲೇಖನದ ಜೊತೆಗೇ ಒಂದು ಚರ್ಚಾ ಪುಟ ಇರುತ್ತದೆ. ಜಗಳ ಬಂದಾಗ ಅಲ್ಲಿ ಮಾತಾಡಬೇಕೆಂಬುದು ನಿಯಮ. ಇಬ್ಬರಿಗೂ ಬರೆದೆ: "ಸೌಹಾರ್ದದಿಂದ ಮಾತಾಡಿ ಒಮ್ಮತಕ್ಕೆ ಬನ್ನಿ."

ಬಂದ ಉತ್ತರಗಳನ್ನು ಓದಿ ನನಗೆ ಹೆಮ್ಮೆಯಾಯಿತು. "ಮಾನ್ಯ ಸಂಪಾದಕರೇ, ತಮ್ಮ ಅಭಿಪ್ರಾಯ ಗೌರವಿಸುತ್ತೇನೆ, ಆದರೆ..." ಎಂದು ಮಾಸ್ತರು. "ಮಾನ್ಯರೇ, ತಣ್ಣೀರಲ್ಲಿ ನಾದಿದರೆ ರೊಟ್ಟಿಯ ಅಂಚು ಸೀಳುತ್ತದೆ" ಎಂದು ಹೊಸಬರು. ಇಂಥ ಸಭ್ಯ ಜಗಳವನ್ನು ನಾನು ನೋಡಿರಲಿಲ್ಲ.

ವಾರದ ಮೇಲೆ ಮಾಸ್ತರ ಫೋನು, ದನಿ ತಗ್ಗಿಸಿ. "ಸರ, ಆ ಸಂಪಾದಕರು ಯಾರಂತ ಗೊತ್ತಾತ್ರಿ."

"ಯಾರ್ರಿ?"

"ನಮ್ಮ ಮನ್ಯಾಕಿನ. ನಾ ಪಡಸಾಲ್ಯಾಗ ಕಂಪ್ಯೂಟರಿನ್ಯಾಗ, ಆಕಿ ಅಡಗಿಮನ್ಯಾಗ ಮೊಬೈಲಿನ್ಯಾಗ. ತಣ್ಣೀರು ತಗಿಯೂತನಕ ಹಿಟ್ಟ ನಾದಂಗಿಲ್ಲ ಅಂದಾಳ. ಮೂರ ದಿನಾತು, ಬರೇ ಅನ್ನ ಸಾರು. ನೀವ ಬಂದು ಬಗೀಹರಸ್ರಿ."

ಭಾನುವಾರ ಬಬಲೇಶ್ವರಕ್ಕೆ ಹೋದೆ. ಮಾಸ್ತರ ಹೆಂಡತಿಯೂ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. "ಬರ್ರಿ ಸರ, ನೀವ ಹೇಳ್ರಿ," ಎಂದು ಬಾಗಿಲಲ್ಲೇ ಶುರು ಮಾಡಿದರು. "ನಾಳೆ ಊರ ಮಂದಿ ಓದಿ, ಬಬಲೇಶ್ವರದ ಹೆಣ್ಣಮಕ್ಕಳು ತಣ್ಣೀರಾಗ ಹಿಟ್ಟ ನಾದತಾರಂತ ಅಂದ್ರ, ನಮ್ಮ ಮರ್ಯಾದಿ ಏನ ಉಳೀತು?"

"ಬಾಯೀಲೆ ಹೇಳಿದ್ರ ತಿದ್ದತಿದ್ನಿಲ್ಲೇನ?" ಎಂದರು ಮಾಸ್ತರು.

"ಬಾಯೀಲೆ ಹೇಳಿದ್ರ ಪೇಪರ್ ಓದ್ಕೋತ 'ಹ್ಞೂಂ' ಅಂತೀರಿ. ಅಲ್ಲಿ ಬರದ್ರ 'ಮಾನ್ಯ ಸಂಪಾದಕರೇ' ಅಂತೀರಿ. ಲಗ್ನಾದಾಗಿಂದ ಒಮ್ಮೆರೆ ಹಂಗ ಕರದೀರೇನು?"

ಮಾಸ್ತರು ಎದ್ದು ಹೋಗಿ, ನನ್ನೆದುರೇ ತಣ್ಣೀರು ಅಳಿಸಿ ಎಸರು ಬರೆದರು. ನಾನು ಅಲ್ಲಿಂದಲೇ ನಕ್ಷತ್ರ ಇಟ್ಟೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳತೊಡಗಿದಾಗ ಮಾಸ್ತರ ಮುಖ ನೋಡಬೇಕಿತ್ತು. ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಬದನೆಕಾಯಿ ಪಲ್ಯದ ಜೊತೆ ಹೊಟ್ಟೆ ಬಿರಿಯುವ ಹಾಗೆ ಉಂಡು ಊರಿಗೆ ಬಂದೆ. ಅಂಥ ಸಂತೋಷದ ಭಾನುವಾರ ನನಗೆ ಈಚೆಗೆ ಸಿಕ್ಕಿರಲಿಲ್ಲ.

ಮರುದಿನ ರೂಢಿಯಂತೆ ಚರ್ಚಾ ಪುಟ ತೆರೆದರೆ ಹೊಸದೊಂದು ಮಾತುಕತೆ ಶುರುವಾಗಿತ್ತು. ಲೇಖನಕ್ಕೆ ಸಂಬಂಧಿಸದ ಮಾತನ್ನು ಅಳಿಸುವುದು ನಿಯಮ, ಆದರೆ ನನ್ನ ಕೈ ಏಳಲಿಲ್ಲ.

"ಮಾನ್ಯ ಸಂಪಾದಕರೇ, ವಾಕಿಂಗ್ ಮುಗಿಸಿ ಬರುವಾಗ ಹಾಲು, ಕೊತ್ತಂಬರಿ ತರುವುದು."

ಕೆಳಗೆ ಮಾಸ್ತರ ಉತ್ತರ: "ಒಮ್ಮತವಿದೆ."