ಹೊಲದ ಮನೆಯ ಫೋನಬಾಯಿ

ಮಾತಾಡುವ ಫೋನು ಬಂದ ಮೇಲೆ ನಿಮ್ಮ ಕೆಲಸ ಹಗುರಾಗುತ್ತದೆ ಅಂತ ನನಗೆ ಹೇಳಿದವರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಸಿಕ್ಕರೆ ಒಂದು ಇಂಜೆಕ್ಷನ್ ಕೊಡುವುದಿದೆ, ದೊಡ್ಡ ಸೂಜಿಯದು. ಆಳಂದ ತಾಲ್ಲೂಕಿನ ನಿಂಬರ್ಗಾ ಕಡೆಯ ಹಳ್ಳಿಗಳಲ್ಲಿ ನಾನು ನರ್ಸು. ಬಸುರಿಯರ ಬಿ.ಪಿ. ನೋಡುವುದು, ಕೂಸುಗಳಿಗೆ ಲಸಿಕೆ ಹಾಕುವುದು, ಅತ್ತೆಯರ ಜೊತೆ ಜಗಳ ಆಡುವುದು ನನ್ನ ಕೆಲಸ. ಈಗ ಇದೆಲ್ಲದರ ನಡುವೆ ಫೋನೊಳಗಿನ ಆ ಹೆಣ್ಣು ದನಿಯೂ ಬಾಯಿ ಹಾಕತೊಡಗಿದೆ. ಹೇಳಿದ್ದನ್ನು ಕೇಳುತ್ತದೆ, ಯಾರ ಮುಂದೆ ಏನು ಅನ್ನಬೇಕು ಅನ್ನುವುದು ಗೊತ್ತಿಲ್ಲ. ಹೀಗಾಗಿ ಏನಾದರೊಂದು ಅವಾಂತರ ಆಗುತ್ತಲೇ ಇರುತ್ತದೆ. ನಮ್ಮ ಕಡೆ ನನ್ನನ್ನು ನರ್ಸಬಾಯಿ ಅನ್ನುತ್ತಾರೆ. ಅದೇ ಧಾಟಿಯಲ್ಲಿ ಅದಕ್ಕೆ ಫೋನಬಾಯಿ ಅಂತ ಹೆಸರು ಬಿತ್ತು.

ಹೋದ ಮಳೆಗಾಲವಿಡೀ ನನ್ನ ನಿದ್ದೆ ಕೆಡಿಸಿದ್ದು ಹೊಲದ ಮನೆಯ ಹುಡುಗಿ. ಅಫಜಲಪುರದ ಕಡೆಯಿಂದ ಮದುವೆಯಾಗಿ ಬಂದವಳು. ತವರಿನಲ್ಲಿ ತಾಯಿ ಇಲ್ಲ, ಹಾಗಾಗಿ ಚೊಚ್ಚಲಾದರೂ ಅತ್ತೆಯ ಮನೆಯಲ್ಲೇ ಉಳಿದಿದ್ದಳು. ಬಿ.ಪಿ. ಏರುತ್ತಿತ್ತು. ಮನೆ ಊರಿನಿಂದ ದೂರ, ಕಪ್ಪು ಎರೆಮಣ್ಣಿನ ಹೊಲಗಳ ನಡುವೆ. ಮಳೆ ಬಿದ್ದರೆ ಅಲ್ಲಿ ದಾರಿ ಅನ್ನುವುದೇ ಇರುವುದಿಲ್ಲ, ಬರೀ ಕೆಸರು. ಗಂಡ ಟ್ರ್ಯಾಕ್ಟರ್ ಡ್ರೈವರ್, ಬೆಳಿಗ್ಗೆ ಹೋದರೆ ಸಂಜೆಗೆ ಬರುವವನು. ನೋವು ಶುರುವಾದ ದಿನ ಅವಳನ್ನು ಆಳಂದದ ಆಸ್ಪತ್ರೆಗೆ ಬೇಗ ಮುಟ್ಟಿಸದಿದ್ದರೆ ತಾಯಿಗೂ ಅಪಾಯ, ಕೂಸಿಗೂ ಅಪಾಯ. ನನಗೆ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ.

ಹೆಸರಿನ ಗಂಟು

ಒಂದು ದಿನ ನಾನು ಬಿ.ಪಿ. ನೋಡಲು ಹೋದಾಗ ಗಂಡ ಹೊಸ ಫೋನು ತಂದಿಟ್ಟಿದ್ದ. ಹುಡುಗಿಗೆ ಓದು ಬರುವುದಿಲ್ಲ.

"ಓದಾಕ ಬರಂಗಿಲ್ಲಂದ್ರ ಏನಾತ್ರಿ ಸಿಸ್ಟರ್, ಬಾಯಿಲೆ ಹೇಳಿದ್ರ ಸಾಕು, ಅದಾ ಫೋನ್ ಹಚ್ತದ," ಅಂದ.

ಅದರಲ್ಲಿ ಎರಡೇ ನಂಬರು ತುಂಬಿದ್ದ. ನನ್ನದು 'ಸಿಸ್ಟರ್' ಅಂತ, ಅವನದು ಅವನ ಹೆಸರಿನಲ್ಲಿ. ಬೇರೆಯವರು ಹೇಳಿದರೆ ಅದು ಯಾರಿಗೂ ಫೋನ್ ಹಚ್ಚದ ಹಾಗೆ ಹೆಂಡತಿಯ ದನಿಯೊಂದನ್ನೇ ಗುರುತು ಮಾಡಿಸಿದ್ದ. ಯಾಕಪ್ಪಾ ಅಂತ ಕೇಳಿದರೆ ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದ. "ನಮ್ಮವ್ವ ಜೇವರ್ಗಿ ಅಕ್ಕಗ ಹಚ್ಚಿ ಕುಂತ್ರ ಹೊತ್ತ ಮುಳುಗ್ತದ್ರಿ. ಹಿಂದಿನ ಫೋನಿನ ಬ್ಯಾಟರಿ ಕಾದು ಕಾದು ಉಬ್ಬಿ ಹೋಯ್ತು."

ಪರೀಕ್ಷೆ ಶುರುವಾಯಿತು. ಹುಡುಗಿ ಗಂಟಲು ಸರಿಮಾಡಿಕೊಂಡು, "ಸಿಸ್ಟರ್‌ಗ ಫೋನ್ ಹಚ್ಚು," ಅಂದಳು.

"ಸಿಸ್ಟರ್ ಅವರಿಗೆ ಕರೆ ಮಾಡುತ್ತಿದ್ದೇನೆ," ಅಂತ ಫೋನಬಾಯಿ ಪುಸ್ತಕದ ಕನ್ನಡದಲ್ಲಿ ಉಲಿದಳು. ನಾನು ಅವಳ ಎದುರಿಗೇ ಕೂತಿದ್ದೆ. ಆದರೂ ನಾನು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದೇನೆ ಅಂತ ಉತ್ತರ ಬಂತು. ನನ್ನ ಸಿಮ್ಮಿಗೆ ಆ ಹೊಲದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅವರದಕ್ಕೆ ಮಾತ್ರ ಸಿಗುತ್ತದೆ. ಇರಲಿ, ನಾನು ಹೆಚ್ಚಾಗಿ ಉಪಕೇಂದ್ರದಲ್ಲೇ ಇರುತ್ತೇನೆ, ಅಲ್ಲಿ ಸಿಗುತ್ತದೆ.

"ಈಗ ನಿನ್ನ ಗಂಡಗ ಹಚ್ಚು ಬೇ," ಅಂದೆ.

ಅವಳು ಸೆರಗು ಬಾಯಿಗಿಟ್ಟುಕೊಂಡಳು. "ಶಿವಶಿವಾ! ಅವ್ರ ಹೆಸರು ಹೆಂಗ ಹೇಳ್ಲಿರಿ? ಆಯುಷ್ಯ ಕಮ್ಮಿ ಆಗ್ತದಂತ."

ಹಾಗಾದರೆ 'ಯಜಮಾನ' ಅಂತ ಬದಲಿಸಿ ಕೊಡು ಅಂತ ನಾನು ಗಂಡನಿಗೆ ಹೇಳಿದೆ. ಅವನು ಕತ್ತು ಕೆರೆದುಕೊಂಡ. "ಇರ್ಲಿ ಬಿಡ್ರಿ ಸಿಸ್ಟರ್. ಮದುವಿ ಆದಾಗಿಂದ ಒಮ್ಮೆ ಭೀ ಕರ್ದಿಲ್ಲ. ಇಕಿ ಬಾಯಾಗ ನನ್ನ ಹೆಸರು ಒಂದ್ ಸಲ ಕೇಳ್ಬೇಕು."

ಸಿಟ್ಟು ಬಂತು, ಜೊತೆಗೆ ನಗುವೂ ಬಂತು. ಅವನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿದೆ. ಕಾಲ ಬದಲಾಗಿದೆ, ಹೆಸರು ಇರುವುದೇ ಕರೆಯುವುದಕ್ಕೆ, ಇದೆಲ್ಲ ಮೂಢನಂಬಿಕೆ ಅಂತ ದೊಡ್ಡ ಭಾಷಣ ಬಿಗಿದೆ. ಅವಳು ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಅಂದಳು, "ಸಿಸ್ಟರ್ ರೀ, ನಿಮ್ಮ ಫೋನಿನಾಗ ನಿಮ್ಮವ್ರ ಹೆಸರು ಏನಂತ ಅದ?"

ನಾನು ಬಿ.ಪಿ. ಮಿಷನ್ನು ಚೀಲಕ್ಕೆ ತುಂಬಿಕೊಂಡು ಎದ್ದೆ. ನನ್ನ ಫೋನಿನಲ್ಲಿ ಅವರು 'ಮನೆ' ಅಂತ ಇದ್ದಾರೆ.

ಅತ್ತೆಯ ಸಂಶಯ

ಫೋನಬಾಯಿಯಿಂದ ಉಪಕಾರ ಆಗಲಿಲ್ಲ ಅನ್ನುವ ಹಾಗಿಲ್ಲ. ದಿನಾ ಊಟವಾದ ಮೇಲೆ "ಮಾತ್ರೆ ತೆಗೆದುಕೊಳ್ಳುವ ಸಮಯ" ಅಂತ ನೆನಪಿಸುತ್ತಿದ್ದಳು. ಅತ್ತೆ ಒಳಗಿನಿಂದಲೇ, "ನುಂಗ್ಯಾಳವ್ವಾ, ನಾ ನೋಡೀನಿ," ಅಂತ ಜವಾಬು ಕೊಡುತ್ತಿದ್ದಳಂತೆ. ಆದರೆ ಅತ್ತೆ ತಾನೇ ಏನಾದರೂ ಕೇಳಿದರೆ ಮಾತ್ರ ಫೋನಬಾಯಿ ತುಟಿ ಬಿಚ್ಚುತ್ತಿರಲಿಲ್ಲ. "ನನ್ನ ಮಗ ದುಡ್ಡ ಕೊಟ್ಟು ತಂದಾನ, ಸೊಸಿ ಮಾತ ಒಂದಾ ಕೇಳ್ತದ," ಅಂತ ಅತ್ತೆ ನನ್ನ ಮುಂದೆ ದೂರು ಕೊಟ್ಟಳು.

ಮುಂದಿನ ಸಲ ನಾನು ಹೋದಾಗ ಅತ್ತೆ ಸೊಸೆಯ ಪಕ್ಕ ಕೂತು, ಕೇಳು ಕೇಳು ಅಂತ ಮೊಣಕೈಯಿಂದ ತಿವಿಯುತ್ತಿದ್ದಳು. ಹುಡುಗಿ ನಾಚಿಕೆಯಿಂದ ನೆಲ ನೋಡುತ್ತಾ ಫೋನಿಗೆ ಕೇಳಿದಳು, "ನನ್ನ ಹೊಟ್ಟ್ಯಾಗಿರೋದು ಗಂಡೋ ಹೆಣ್ಣೋ?"

ಅದನ್ನು ಹೇಳುವುದು ಕಾನೂನಿನ ಪ್ರಕಾರ ತಪ್ಪು. ಹೋದ ಮನೆಯಲ್ಲೆಲ್ಲ ನಾನು ಹೇಳಿ ಹೇಳಿ ಗಂಟಲು ಹರಿದುಕೊಂಡ ಮಾತು ಅದು. ಈ ಬಾಯಿ ಏನು ಒದರಿ ಏನು ಅನಾಹುತ ಮಾಡುತ್ತಾಳೋ ಅಂತ ನಾನು ಉಸಿರು ಹಿಡಿದುಕೊಂಡೆ.

"ಕ್ಷಮಿಸಿ, ಆ ಮಾಹಿತಿಯನ್ನು ನಾನು ನೀಡಲಾರೆ. ನಿಮ್ಮ ಆರೋಗ್ಯದ ಬಗ್ಗೆ ವೈದ್ಯರನ್ನು ಸಂಪರ್ಕಿಸಿ," ಅಂದಿತು ಫೋನು.

ನನಗೆ ಅದನ್ನು ಎತ್ತಿ ಮುದ್ದು ಕೊಡಬೇಕು ಅನ್ನಿಸಿತು. ಅತ್ತೆ ಮಾತ್ರ ಫೋನನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದಳು. "ಹೋದ ವಾರ ನೀವಾ ಇದನ್ನ ಕೈಯಾಗ ಹಿಡ್ಕೊಂಡು ಕುಂತಿದ್ರಿ ನರ್ಸಬಾಯಿ. ಆಗಾ ಕಲಿಸಿ ಹೋಗೀರಿ!"

ಆಳಂದದ ಬಸ್ಸು

ಇದು ಆ ಮನೆಯ ಮಾತಲ್ಲ, ನನ್ನದೇ ಫೋನಿನ ಕಥೆ. ಹುಡುಗಿಯ ಸಲುವಾಗಿ ನನ್ನ ಫೋನಿನಲ್ಲೂ ಈ ದನಿಯನ್ನು ಚಾಲೂ ಮಾಡಿಕೊಂಡಿದ್ದೆ. ಅವಳ ಬಗ್ಗೆ ಸಂದೇಶ ಬಂದ ಕೂಡಲೇ ಅದು ಕಿವಿಯಲ್ಲಿ ಓದಿ ಹೇಳಲಿ ಅಂತ.

ಆಳಂದದಲ್ಲಿ ಮೀಟಿಂಗ್ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸು ತುಂಬಾ ನಮ್ಮ ಹಳ್ಳಿಯ ಗಂಡಸರು. ಇಯರ್‌ಫೋನಿನ ವೈರು ಯಾವಾಗ ಕಳಚಿತ್ತೋ ಗೊತ್ತಾಗಲಿಲ್ಲ. ನಮ್ಮ ಆಶಾ ಕಾರ್ಯಕರ್ತೆಯ ಸಂದೇಶವನ್ನು ಫೋನು ಇಡೀ ಬಸ್ಸಿಗೆ ಓದಿತು: "ನಮ್ಮ ಊರಿನ ಒಬ್ಬರು ಗಂಡಸರ ಸಂತಾನಹರಣ ಆಪರೇಷನ್‌ಗೆ ಒಪ್ಪಿದ್ದಾರೆ. ಗುಟ್ಟಾಗಿರಬೇಕು ಎಂದಿದ್ದಾರೆ."

ಬಸ್ಸಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಫೋನಿನ ಗಂಟಲು ಹಿಸುಕುವ ಹಾಗೆ ಎಲ್ಲ ಬಟನ್ನೂ ಒತ್ತಿದೆ. ಮುಂದೆ ಹೆಸರು ಏನಾದರೂ ಓದಿದರೆ ಆ ಮನುಷ್ಯ ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ, ಇನ್ನು ಮೇಲೆ ನನ್ನ ಮಾತು ನಂಬಿ ಯಾರೂ ಬರುತ್ತಿರಲಿಲ್ಲ. ಪುಣ್ಯಕ್ಕೆ ಸಂದೇಶದಲ್ಲಿ ಹೆಸರು ಇರಲಿಲ್ಲ.

ಹಿಂದಿನ ಸೀಟಿನಿಂದ ಒಬ್ಬ ಮುದುಕ, "ಯಾವಂವಲೇ ಅಂವಾ?" ಅಂತ ಕೂಗಿದ. ನಾನಲ್ಲ ನಾನಲ್ಲ ಅಂತ ಎಲ್ಲರೂ ಆಣೆ ಮಾಡತೊಡಗಿದರು. ಕಿಟಕಿಯ ಬಳಿ ಕೂತಿದ್ದ ಒಬ್ಬರು ಮಾತ್ರ ಆಣೆ ಮಾಡಲಿಲ್ಲ. ಎದ್ದರು, ಬೆಲ್ ಹೊಡೆದರು, ಊರು ಮನೆ ಏನೂ ಇಲ್ಲದ ತೊಗರಿ ಹೊಲದ ಪಕ್ಕ ಇಳಿಯಲು ಹೊರಟರು.

"ಯಜಮಾನ್ರ, ನಿಮ್ಮ ಟಿಕೀಟು ಊರ ತನಕ ಅದ. ಇಲ್ಲ್ಯಾಕ ಇಳೀತೀರಿ?" ಅಂತ ಕಂಡಕ್ಟರ್ ಬಸ್ಸಿಗೆಲ್ಲ ಕೇಳುವ ಹಾಗೆ ಕೇಳಿದ.

ಯಾರಿಗೆ ಕರೆ ಮಾಡಬೇಕು?

ಹೆದರಿದ ದಿನ ಬಂದೇ ಬಂತು. ಬೆಳಿಗ್ಗೆ ಜೋರು ಮಳೆ ಸುರಿದು ಆಗಷ್ಟೇ ನಿಂತಿತ್ತು. ನಾನು ಉಪಕೇಂದ್ರದಲ್ಲಿದ್ದೆ. ಹುಡುಗಿಯ ಫೋನು ಬಂತು.

"ಸಿಸ್ಟರ್ ರೀ, ಬ್ಯಾನಿ ಸುರು ಆಗ್ಯಾವ್ರಿ. ಕಣ್ಣ ಮುಂದ ಮಂಜ ಮಂಜ ಆಗಾಕತ್ತದ."

 ಕಣ್ಣು ಮಂಜಾಗುತ್ತಿದೆ ಅಂದರೆ ಬಿ.ಪಿ. ಮೇಲಕ್ಕೆ ಹೋಗಿದೆ. ಆಂಬ್ಯುಲೆನ್ಸಿಗೆ ಹೇಳಿ, ಸ್ಕೂಟಿಯನ್ನು ರಸ್ತೆಯಲ್ಲೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಲ್ಲಿ ಓಡಿದೆ. ಬಿ.ಪಿ. ನೋಡಿದರೆ ನನ್ನ ಭಯ ನಿಜವೇ ಆಗಿತ್ತು. ಅವಳನ್ನು ಎಡಮಗ್ಗುಲಿಗೆ ಮಲಗಿಸಿ ಆಂಬ್ಯುಲೆನ್ಸಿಗೆ ಕಾದೆ. ದೂರದಿಂದ ಸೈರನ್ ಕೇಳಿತು. ಕೇಳುತ್ತಲೇ ಇತ್ತು, ಹತ್ತಿರ ಮಾತ್ರ ಬರಲಿಲ್ಲ. ಅತ್ತೆ ಬಾಗಿಲಿಗೆ ಹೋಗಿ ನೋಡಿ ಹಣೆ ಬಡಿದುಕೊಂಡಳು. "ಗಾಡಿ ಎರಿಯಾಗ ಸಿಕ್ಕೊಂಡದ ನರ್ಸಬಾಯಿ, ಗಾಲಿ ಅರ್ಧ ಮುಳುಗ್ಯಾವ!"

ಈಗ ಬೇಕಾದದ್ದು ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಗಂಡನ ಜೊತೆ ನಿಂಬರ್ಗಾದಲ್ಲಿತ್ತು. ಅವನ ನಂಬರು ಯಾರಿಗೂ ಬಾಯಿಗೆ ಬರುವುದಿಲ್ಲ. ನನ್ನ ಫೋನಿಗೆ ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಇದ್ದ ಫೋನಿನ ಲಾಕ್ ತೆಗೆಯುವುದನ್ನು ಆ ಪುಣ್ಯಾತ್ಮ ಹೆಂಡತಿಗೂ ಕಲಿಸಿರಲಿಲ್ಲ. ಎಲ್ಲ ಬಾಯಿಂದಲೇ ಆಗಬೇಕು.

"ಅವ್ವಾ, ಹಚ್ಚು," ಅಂತ ಫೋನನ್ನು ಹುಡುಗಿಯ ಬಾಯಿಯ ಹತ್ತಿರ ಹಿಡಿದೆ.

"ಇವ್ರಿಗಿ ಫೋನ್ ಹಚ್ಚು," ಅಂದಳು.

"ಯಾರಿಗೆ ಕರೆ ಮಾಡಬೇಕು?"

"ನಮ್ಮ ಮನ್ಯಾಗಿನವ್ರಿಗಿ."

"ಕ್ಷಮಿಸಿ, ಆ ಹೆಸರು ನಿಮ್ಮ ಸಂಪರ್ಕಗಳಲ್ಲಿ ಇಲ್ಲ."

"ನಮ್ಮತ್ತಿ ಮಗಗ."

"ಕ್ಷಮಿಸಿ, ಆ ಹೆಸರು ನಿಮ್ಮ ಸಂಪರ್ಕಗಳಲ್ಲಿ ಇಲ್ಲ."

"ಟ್ಯಾಕ್ಟರ್ ಹೊಡೀತಾರಲ್ಲ, ಅವ್ರಿಗಿ!"

"ನಿಮ್ಮ ಹತ್ತಿರದ ಟ್ರ್ಯಾಕ್ಟರ್ ಮಾರಾಟಗಾರರನ್ನು ಹುಡುಕುತ್ತಿದ್ದೇನೆ."

ನಾನೇ ಅವನ ಹೆಸರು ಹಿಡಿದು ಕೂಗಿದೆ. ನನ್ನ ದನಿ ಅದಕ್ಕೆ ಗುರುತಿಲ್ಲ. ಅತ್ತೆ ಫೋನು ಕಸಿದುಕೊಂಡು, ಮಗನನ್ನು ಊಟಕ್ಕೆ ಕರೆಯುವ ಹಾಗೆ ಅವನ ಹೆಸರು ಒದರಿದಳು.

"ಕ್ಷಮಿಸಿ, ನಿಮ್ಮ ದನಿಯನ್ನು ಗುರುತಿಸಲು ಆಗುತ್ತಿಲ್ಲ."

"ಏ, ಹಡ್ದಾಕಿ ನಾನು! ಅವಗ ಹೆಸರಿಟ್ಟಾಕಿ ನಾನು! ನನ್ನ ಗುರ್ತು ಇಲ್ಲೇನು ನಿನಗ?"

ಹೆಸರು ಹೇಳುವವರ ಮಾತನ್ನು ಅದು ಕೇಳುವುದಿಲ್ಲ. ಅದು ಯಾರ ಮಾತು ಕೇಳುತ್ತದೋ ಅವಳು ಹೆಸರು ಹೇಳುವುದಿಲ್ಲ. ಹೊರಗೆ ಸೈರನ್ ಹೊಡೆದುಕೊಳ್ಳುತ್ತಿತ್ತು, ಒಳಗೆ ಬಿ.ಪಿ. ಇಳಿಯುತ್ತಿರಲಿಲ್ಲ. 

ಆಗ ಅತ್ತೆ ಸೊಸೆಯ ತಲೆ ಸವರಿದಳು. "ಹೇಳ ಬೇ. ನಾ ದಿನಾ ಕರೀತೀನಲ್ಲ, ಅವಗೇನಾಗ್ಯದ? ನಾ ಹೊರಗ ಹೋಗಿ ಕಿವಿ ಮುಚ್ಕೋತೀನಿ. ಶಿವನಾಣಿ ಕೇಳಂಗಿಲ್ಲ. ನರ್ಸಬಾಯಿ, ನೀವು ಭೀ ಮುಚ್ಕೋರಿ." ಹೋಗಿ ಅಂಗಳದಲ್ಲಿ ನಮಗೆ ಬೆನ್ನು ಮಾಡಿ, ಎರಡೂ ಕಿವಿ ಮುಚ್ಚಿಕೊಂಡು ನಿಂತಳು. ನಾನು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಒಂದೇ ಕಿವಿ ಮುಚ್ಚಿಕೊಂಡೆ.

ಅಷ್ಟರಲ್ಲಿ ನೋವು ಒತ್ತರಿಸಿ ಬಂತು. ಹುಡುಗಿ ಕಣ್ಣು ಮುಚ್ಚಿ ಗಂಡನ ಹೆಸರನ್ನು ಪೂರ್ತಿಯಾಗಿ ಕಿರುಚಿದಳು. "ಫೋನ್ ಹಚ್ಚು! ಎಲ್ಲಿ ಸತ್ತಾನೋ ಅಂವಾ!" ಆಯುಷ್ಯ ಕಮ್ಮಿಯಾಗುತ್ತದೆ ಅಂತ ಹೆಸರು ಹೇಳದಿದ್ದವಳು ಅವಳೇ.

"ಕರೆ ಮಾಡುತ್ತಿದ್ದೇನೆ," ಅಂದಳು ಫೋನಬಾಯಿ, ಏನೂ ಆಗದವಳ ಹಾಗೆ.

ಅವನು ಎತ್ತಿದ. ಒಮ್ಮೆ ಗಂಟು ಬಿಚ್ಚಿದ ಬಾಯಿ ಈಗ ನಿಲ್ಲಲಿಲ್ಲ. ಅದೇ ಹೆಸರು ಹಿಡಿದು, "ಲಗೂ ಬಾ!" ಅಂತ ಅವನನ್ನೇ ಕೂಗಿದಳು. ಆ ಕಡೆ ಸದ್ದಿಲ್ಲ. ಲೈನು ಕಡಿಯಿತೋ ಏನೋ ಅಂತ ನಾನು ಫೋನಿಗೆ ಕಿವಿ ಹಚ್ಚಿದೆ. ಆಮೇಲೆ ಅವನ ದನಿ, ಬಲು ಮೆತ್ತಗೆ ಬಂತು.

"ಏನಂದಿ? ಇನ್ನೊಮ್ಮೆ ಅನ್ನು."

"ಲೇ, ಟ್ರ್ಯಾಕ್ಟರ್ ತೊಗೊಂಡು ಬಾರಲೇ!" ಅಂತ ನಾನು ಒದರಿದ್ದು ಫೋನಿಲ್ಲದೆಯೂ ನಿಂಬರ್ಗಾದವರೆಗೆ ಕೇಳಿರಬೇಕು.

ಬಂದ. ಆಂಬ್ಯುಲೆನ್ಸಿಗೆ ಸರಪಳಿ ಬಿಗಿದು ಎಳೆದ. ಹುಡುಗಿಯನ್ನು ಟ್ರ್ಯಾಲಿಯಲ್ಲಿ ಮಲಗಿಸಿ ರಸ್ತೆಗೆ ತಂದು ಆಂಬ್ಯುಲೆನ್ಸಿಗೆ ಏರಿಸಿದೆವು. ಆಳಂದ ಮುಟ್ಟುವವರೆಗೂ ನಾನು ಅವಳ ಕೈ ಬಿಡಲಿಲ್ಲ. ಡಾಕ್ಟರು ಔಷಧ ಕೊಟ್ಟು ಬಿ.ಪಿ. ಇಳಿಸಿದರು. ಸಂಜೆಯ ಒಳಗೆ ಹೆಣ್ಣು ಕೂಸು ಹುಟ್ಟಿತು, ತಾಯಿಯೂ ಕೂಸೂ ಕ್ಷೇಮ. ನಾನು ಬಾಗಿಲ ಹಿಂದೆ ನಿಂತು ಅತ್ತು ಬಂದೆ. ಅತ್ತೆ ಕೂಸಿನ ಮುಖ ನೋಡಿ, "ಫೋನಬಾಯಿ ಹೇಳ್ಲಿಲ್ಲ ನೋಡ್ರಿ, ಗೊತ್ತಿತ್ತು ಅದಕ್ಕ," ಅಂದಳು.

ಆಸ್ಪತ್ರೆಯ ಸಿಬ್ಬಂದಿಯೊಬ್ಬಳು ಕೂಸಿನ ವಿವರ ಕೇಳಲು ಬಂದಳು. "ತಂದೆಯ ಹೆಸರು ಹೇಳಮ್ಮ."

ಗಂಡ ಬಾಗಿಲ ಬಳಿ ಕೆಸರು ಕಾಲಲ್ಲಿ ನಿಂತಿದ್ದವನು ಥಟ್ಟನೆ ನೆಟ್ಟಗಾದ. ಇವತ್ತು ಒಂದು ಸಲ ಕೇಳಿದ್ದಾಗಿದೆ, ಎರಡನೆಯದೂ ಆಗಲಿ ಅಂತ ಕಿವಿ ನಿಮಿರಿಸಿಕೊಂಡು ಕಾದ.

ಹುಡುಗಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗಿಟ್ಟುಕೊಂಡು ತಲೆದಿಂಬಿನ ಪಕ್ಕದ ಫೋನಿನ ಕಡೆ ಬೆರಳು ಮಾಡಿದಳು.

"ಅದಕ್ಕ ಕೇಳ್ರಿ. ನಾ ಎಲ್ಲಾ ಅದಕ್ಕ ಹೇಳೀನಿ."