ಕೊಬ್ಬು ತೆಗೆಯುವ ಡಾಕ್ಟರೂ ಬಸ್ಸಿನ ಕಂಡಕ್ಟರೂ

ಆಪರೇಷನ್ ಕೋಣೆಯೊಳಗೆ ನಗುವಂಥದ್ದು ಏನೂ ನಡೆಯುವುದಿಲ್ಲ. ನಡೆಯುವುದೆಲ್ಲ ಹೊರಗಿನ ಬೆಂಚಿನ ಮೇಲೆ, ಅದೂ ವಾರಕ್ಕೆರಡು ಸಲವಾದರೂ. ಎಪ್ಪತ್ತರ ದಶಕದಲ್ಲಿ ಮಂಡ್ಯದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ಔಷಧಿ ಕೊಡುವುದು, ಗಾಯ ಕಟ್ಟುವುದು ಅಲ್ಲದೆ ಡಾಕ್ಟರು ನನಗೆ ಇನ್ನೊಂದು ಕೆಲಸ ಹಚ್ಚಿದ್ದರು. ಆಪರೇಷನ್ನಿಗೆ ಬಂದವರಿಗೆ ಮುಂಚೆ ತಿಳಿದಿರಬೇಕಾದ್ದನ್ನು ಬಿಡಿಸಿ ಹೇಳುವುದು. ಏನು ತಿನ್ನಬಾರದು, ಏನು ಮುಚ್ಚಿಡಬಾರದು, ಎಷ್ಟು ದಿನ ಮಲಗಿರಬೇಕು, ಹೀಗೆ. ನಾನು ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು, ಆಮೇಲೆ ತಮಗೆ ತೋಚಿದ್ದನ್ನು ಮಾಡುತ್ತಿದ್ದರು.

ಈಗ ಹೊಟ್ಟೆಯೊಳಕ್ಕೆ ಕೊಳವೆ ತೂರಿಸಿ ಕೊಬ್ಬನ್ನು ಹೀರಿ ತೆಗೆಯುತ್ತಾರಂತೆ. ಆಗ ನಮ್ಮ ಕಡೆ ಅದರ ಹೆಸರನ್ನೂ ಯಾರೂ ಕೇಳಿರಲಿಲ್ಲ. ಆದರೆ ಅದೇ ಬೇಕು ಅಂತ ಬಂದವರು ಮಾತ್ರ ಬೇಕಾದಷ್ಟು ಜನ.

ಮೇಷ್ಟ್ರ ಬಾಟಲಿ

ಎಲ್ಲಕ್ಕೂ ಮೂಲ ಪೂರಿಗಾಲಿ ಕಡೆಯ ಒಬ್ಬ ಮೇಷ್ಟ್ರು. ಅವರ ಬೆನ್ನ ಮೇಲೆ ತೆಂಗಿನಕಾಯಿ ಗಾತ್ರದ ಕೊಬ್ಬಿನ ಗಡ್ಡೆ ಇತ್ತು. ನೋವಿಲ್ಲ, ಉರಿಯಿಲ್ಲ. ಆದರೆ ಬೋರ್ಡಿನ ಕಡೆ ತಿರುಗಿದರೆ ಮಕ್ಕಳು ನಗುತ್ತವೆ ಅಂತ, ಮಕ್ಕಳನ್ನೇ ನೋಡುತ್ತ ಕೈ ಹಿಂದಕ್ಕೆ ಚಾಚಿ ಬರೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ನಮ್ಮ ಡಾಕ್ಟರು ಅರ್ಧ ಗಂಟೆಯಲ್ಲಿ ಗಡ್ಡೆ ತೆಗೆದು ಹೊಲಿಗೆ ಹಾಕಿದರು.

ಮನೆಗೆ ಹೊರಡುವ ದಿನ ಮೇಷ್ಟ್ರು, "ನನ್ನ ಗಡ್ಡೆ ಕೊಡಿ" ಅಂದರು.

"ಯಾಕೆ ಮೇಷ್ಟ್ರೇ?"

"ಒಂಬತ್ತು ವರ್ಷ ಹೊತ್ತಿದ್ದೀನಿ. ಅರ್ಧ ದಾರೀಲಿ ಬಿಟ್ಟು ಹೋಗೋದೇನ್ರೀ? ವಿಜ್ಞಾನದ ಪಾಠಕ್ಕಾದರೂ ಆಗುತ್ತೆ."

ನಾನು ಅದನ್ನು ದೊಡ್ಡ ಬಾಯಿಯ ಉಪ್ಪಿನಕಾಯಿ ಬಾಟಲಿಯೊಂದಕ್ಕೆ ಹಾಕಿ, ಕೆಡದಂಥ ಔಷಧಿ ನೀರು ತುಂಬಿ ಕೊಟ್ಟೆ. ಮೇಷ್ಟ್ರು ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಮಳವಳ್ಳಿ ಬಸ್ಸಿನಲ್ಲಿ ಕೂತರು. ಬಸ್ಸಿನವರೆಲ್ಲ ಅದೇನು ಅಂತ ಕೇಳಿದರು. "ಕೊಬ್ಬು. ಮಂಡ್ಯದ ಡಾಕ್ಟರು ತೆಗೆದರು" ಅಂದರು. ಗಡ್ಡೆಯ ವಿಷಯ ಎತ್ತಲೇ ಇಲ್ಲ. ಒಂದು ಮಾತು ಕೇಳಿದರೆ ಒಂದು ಪಾಠ ಮಾಡುವ ಮೇಷ್ಟ್ರು ಜೀವಮಾನದಲ್ಲಿ ಚುಟುಕಾಗಿ ಮಾತಾಡಿದ್ದು ಅದೊಂದೇ ದಿನವಂತೆ.

ಬೆಂಚು ಸಾಲದಾಯಿತು

ಮುಂದಿನ ವಾರದಿಂದ ದಪ್ಪಗಿರುವವರೆಲ್ಲ ನಮ್ಮಲ್ಲಿಗೇ ಬಂದರು. ಮೂವರು ಕೂರುವ ಬೆಂಚಿನಲ್ಲಿ ಇಬ್ಬರೇ ಹಿಡಿಸುತ್ತಿದ್ದರು. ಕೊಬ್ಬು ತೆಗೆಯುವ ಆಪರೇಷನ್ ಇಲ್ಲ, ಗಡ್ಡೆ ಬೇರೆ ಮೈ ಬೇರೆ ಅಂತ ಹೇಳಿ ಹೇಳಿ ನನಗೆ ಗಂಟಲು ಕಟ್ಟಿತು.

ಸೋಮನಹಳ್ಳಿಯ ಯಜಮಾನರೊಬ್ಬರು ನನ್ನ ಮಾತು ಕಿವಿಗೇ ಹಾಕಿಕೊಳ್ಳದೆ, "ತಗ್ದಿದ್ದ ನಮ್ಗೇ ಕೊಟ್ಬುಡ್ತೀರಿ ತಾನೆ?" ಅಂದರು.

"ಇಟ್ಕೊಂಡು ಏನು ಮಾಡ್ತೀರಿ ಯಜಮಾನ್ರೇ?"

"ಏನಾರ ಮಾಡ್ಕತೀವಿ. ಅದು ನಮ್ ಎಮ್ಮೆ ತುಪ್ಪ ಕಣಪ್ಪ, ಊರೋರ್ದಲ್ಲ."

ಮದ್ದೂರಿನಿಂದ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಿದ್ದರು. ತಾಯಿ ಭಾರಿ, ಮಗಳು ಕಡ್ಡಿ. "ನನ್ ಸೊಂಟ್ದಾಗ್ಳುದ್ನ ತಗ್ದು ಇವಳ್ ಕೆನ್ನೆಗೆ ಆಕ್ಬುಡಣ್ಣ. ಬರೋ ಸ್ವಾಮಾರ ಗಂಡಿನ್ ಕಡೆಯೋರು ಬತ್ತಾವ್ರೆ" ಅಂದರು. ಅದು ಆಗದ ಮಾತು ಅಂತ ಡಾಕ್ಟರೇ ಹೊರಗೆ ಬಂದು ಹೇಳಬೇಕಾಯಿತು. ನಾವಿಬ್ಬರೂ ಅವತ್ತು ಇಡೀ ದಿನ ನಕ್ಕೆವು. ಈಗ ಒಂದು ಕಡೆಯ ಕೊಬ್ಬು ತೆಗೆದು ಇನ್ನೊಂದು ಕಡೆ ತುಂಬುವುದೂ ಬಂದಿದೆಯಂತೆ. ಆಕೆ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಒಂದು ನಲವತ್ತು ವರ್ಷ ಬೇಗ ಬಂದುಬಿಟ್ಟಿದ್ದರು, ಅಷ್ಟೆ.

ಕಂಡಕ್ಟರಣ್ಣ

ಮೇಷ್ಟ್ರ ಬಾಟಲಿಯನ್ನು ಕಣ್ಣಾರೆ ಕಂಡವರಲ್ಲಿ ಆ ಬಸ್ಸಿನ ಕಂಡಕ್ಟರೂ ಒಬ್ಬರು. ಅದು ಕಿರುಗಾವಲಿನಿಂದ ಮಳವಳ್ಳಿ, ಮದ್ದೂರು ಹಾದು ಮಂಡ್ಯಕ್ಕೆ ಬರುವ ಪ್ರೈವೇಟ್ ಬಸ್ಸು. ಕಂಡಕ್ಟರಣ್ಣನ ಹೊಟ್ಟೆ ಆ ರೂಟಿಗೆಲ್ಲ ಹೆಸರುವಾಸಿ. ಸೀಟುಗಳ ಮಧ್ಯದ ದಾರಿಯಲ್ಲಿ ಅವರು ನುಗ್ಗುವ ಹಾಗೇ ಇರಲಿಲ್ಲ. ಬಾಗಿಲ ಹತ್ತಿರವೇ ನಿಂತು, ಕೈಯಿಂದ ಕೈಗೆ ದುಡ್ಡು ದಾಟಿಸಿಕೊಂಡು ಟಿಕೆಟ್ ಹರಿಯುತ್ತಿದ್ದರು.

ಅವರೂ ಒಂದು ದಿನ ನಮ್ಮಲ್ಲಿಗೆ ಬಂದು, ನನ್ನ ಪಕ್ಕ ಕೂತು ಅಳುಮುಖ ಮಾಡಿಕೊಂಡು ಹೇಳಿದರು: "ಬಸ್ಸಿನ್ ಸಾವ್ಕಾರ್ರು ಯೋಳ್ಬುಟ್ಟವ್ರೆ ಕಣಣ್ಣ. ನಿನ್ ಒಟ್ಟೆ ಜಾಗದಲ್ಲಿ ಇಬ್ರು ನಿಂತ್ಕತಾರೆ, ಉಗಾದಿ ಒಳಗೆ ಅದು ಇಳೀಬೇಕು, ಇಲ್ದಿದ್ರೆ ಬಸ್ಸಿಂದ ನೀನ್ ಇಳೀಬೇಕು ಅಂತ. ಇಪ್ಪತ್ ವರ್ಸದಿಂದ ರೈಟ್ ರೈಟ್ ಅನ್ನೋದ್ ಬುಟ್ರೆ ನಂಗೇನ್ ಬತ್ತದೆ? ಮನೇಲಿ ಮೂರ್ ಮಕ್ಳವೆ."

ನನಗೆ ಅಯ್ಯೋ ಅನ್ನಿಸಿತು. ಡಾಕ್ಟರು ಮಲಗಿಸಿ ನೋಡಿದರು. ಕೊಬ್ಬಿಗೆ ನಮ್ಮಲ್ಲಿ ಕತ್ತರಿ ಇಲ್ಲ, ಆದರೆ ಹೊಕ್ಕುಳ ಹತ್ತಿರ ಹರ್ನಿಯಾ ಆಗಿದೆ, ಕರುಳು ಹೊರಗೆ ತಳ್ಳುತ್ತಿದೆ, ಅದನ್ನು ಒಳಕ್ಕೆ ಸೇರಿಸಿ ಹೊಲಿಯಲೇಬೇಕು ಅಂದರು. ಕಂಡಕ್ಟರಣ್ಣನ ಮುಖ ಅರಳಿತು. "ಅಂಗಾರೆ ಅದ್ರ ಜೊತೇಲಿ ಕೊಬ್ಬೂ ಒಸಿ ತಗ್ದುಬುಡಿ ಸಾ."

"ಅದನ್ನ ಮುಟ್ಟೋದಿಲ್ಲಪ್ಪ."

"ಬಾಗ್ಲು ತಗ್ದು ಒಳೀಕ್ ಓದೋರು ಬರಿಗೈಲಿ ವಾಪಸ್ ಬತ್ತಾರಾ ಸಾ?"

ಡಾಕ್ಟರು ನಕ್ಕು, "ಮೊದಲು ಮೂರು ಕೆಜಿ ಇಳಿಸ್ಕೊಂಡು ಬಾ. ಭಾರ ಇದ್ದರೆ ಹೊಲಿಗೆ ನಿಲ್ಲಲ್ಲ" ಅಂತ ಕಳಿಸಿದರು. ನಾನು ತೂಕ ನೋಡಿ ಬರೆದುಕೊಂಡೆ.

ಹದಿನೈದೇ ದಿನಕ್ಕೆ ಬಂದರು. ತೂಕದ ಮೆಷಿನ್ ಹತ್ತಿಸಿದರೆ ಸರಿಯಾಗಿ ಮೂರು ಕೆಜಿ ಕಡಿಮೆ! ಡಾಕ್ಟರು ಭೇಷ್ ಅಂದರು. ನನಗೆ ಮಾತ್ರ ಏನೋ ಕೊರೆಯಿತು. ಹೋದ ಸಲ ಹೆಗಲಲ್ಲಿ ಚಿಲ್ಲರೆ ತುಂಬಿದ ಚರ್ಮದ ಚೀಲ ನೇತಾಡುತ್ತಿತ್ತು, ಕಾಲಲ್ಲಿ ಬೂಟಿತ್ತು. ಈಗ ಎರಡೂ ಇಲ್ಲ.

"ಚೀಲ ಎಲ್ಲಿ ಕಂಡಕ್ಟರಣ್ಣ?"

"ಡ್ರೈವರ್ ತಾವ ಕೊಟ್ಬುಟ್ ಬಂದೆ. ಇಳಿಸ್ಕೊಂಡ್ ಬಾ ಅಂದಿದ್ರಲ್ಲ?"

ಮದ್ದೂರು ಸ್ಟಾಪು

ಡಾಕ್ಟರು ಮತ್ತೆ ವಾಪಸ್ ಕಳಿಸಿದರು. ಅವರ ಹೆಂಡತಿ ಎರಡು ಮುದ್ದೆಯನ್ನು ಒಂದಕ್ಕೆ ಇಳಿಸಿ ಕಾಯಿದೆ ಮಾಡಿದರು. ಎರಡು ತಿಂಗಳಲ್ಲಿ ತೂಕ ನಿಜವಾಗಿಯೂ ಇಳಿಯಿತು. ಕತ್ತು ಸಣ್ಣಗಾಯಿತು, ಕೈ ಸಣ್ಣಗಾಯಿತು, ಹೊಟ್ಟೆ ಮಾತ್ರ ಕೂತಲ್ಲೇ ಕೂತಿತ್ತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅವತ್ತು ಬೆಳಗ್ಗೆ ಒಂದು ಗುಟುಕು ನೀರೂ ಇಳಿಸಬಾರದು, ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮತ್ತಿನ ಮದ್ದು ಕೊಟ್ಟಾಗ ವಾಂತಿಯಾಗಿ ಪ್ರಾಣಕ್ಕೇ ಬರುತ್ತದೆ ಅಂತ ಮೂರು ಸಲ ಹೇಳಿದ್ದೆ. ಮೂರು ಸಲವೂ ತಲೆಯಾಡಿಸಿದ್ದರು.

ತಮ್ಮದೇ ಬಸ್ಸಿನಲ್ಲಿ, ಹೆಂಡತಿಯ ಜೊತೆ ಬಂದರು. ಬಂದವರನ್ನು ಕೇಳಿದೆ: "ಏನಾದರೂ ತಿಂದಿದ್ದೀರಾ?"

"ದೇವ್ರಾಣೆ ಇಲ್ಲ ಕಣಣ್ಣ."

ಹೆಂಡತಿ ಗಂಡನ ಮುಖವನ್ನೇ ಒಂದು ಗಳಿಗೆ ನೋಡಿದರು. "ಮದ್ದೂರ್ನಾಗೆ ತಿಂದ್ರಲ್ಲಾ, ಆರ್ ಇಡ್ಲಿ, ಎಲ್ಡ್ ವಡೆ?"

ಆ ಕಾಲದಲ್ಲಿ ಬಸ್ಸು ಯಾವ ಹೋಟೆಲಿನ ಮುಂದೆ ನಿಲ್ಲುತ್ತದೋ ಆ ಹೋಟೆಲಿನವರು ಡ್ರೈವರಿಗೂ ಕಂಡಕ್ಟರಿಗೂ ಪುಕ್ಕಟೆ ತಿಂಡಿ ಕೊಡುವುದು ವಾಡಿಕೆ. ಬಸ್ಸು ನಿಂತ ತಕ್ಷಣ ಎಲೆ ಹಾಸುತ್ತಿದ್ದರು. ಇಪ್ಪತ್ತು ವರ್ಷ ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂತವರು ಅವತ್ತೂ ಕೂತಿದ್ದಾರೆ. ಅವರು ಸುಳ್ಳು ಹೇಳಿದ್ದಲ್ಲ, ನಿಜವಾಗಿ ಮರೆತಿದ್ದರು. ನಾನು ಬಾಯಿಗೆ ಬಂದ ಹಾಗೆ ಬೈದೆ. "ಪ್ರಾಣ ಹೋಗಿದ್ದರೆ ಏನಯ್ಯ ಗತಿ? ಅಷ್ಟು ತಿಂದು ಏನೂ ತಿಂದಿಲ್ಲ ಅಂತೀಯಲ್ಲ!"

ಕಂಡಕ್ಟರಣ್ಣ ತಲೆ ತಗ್ಗಿಸಿಕೊಂಡು ಹೇಳಿದರು: "ಅದು ತಿಂಡಿ ಅಂತ ಗ್ಯಾಪ್ನಕ್ಕೇ ಬರ್ನಿಲ್ಲ ಕಣಣ್ಣ. ಅದು ಸ್ಟಾಪು."

ಸಾವ್ಕಾರ್ರು ಬಂದರು

ಎರಡನೇ ಸಲ ಹಿಂದಿನ ದಿನವೇ ಸೇರಿಸಿಕೊಂಡು, ಕಾವಲಿಗೆ ಹೆಂಡತಿಯನ್ನೇ ಕೂರಿಸಿದೆ. ಆಕೆ ನೀರಿನ ಚೊಂಬನ್ನೂ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. ಆಪರೇಷನ್ ಸಲೀಸಾಗಿ ಆಯಿತು. ಎಚ್ಚರವಾದ ಕೂಡಲೇ ಕಂಡಕ್ಟರಣ್ಣ ಕೈಯಿಂದ ಹೊಟ್ಟೆ ತಡವಿ ನೋಡಿಕೊಂಡರು. ಬ್ಯಾಂಡೇಜು ಸೇರಿ ಮೊದಲಿಗಿಂತ ಒಂದು ಸುತ್ತು ಹೆಚ್ಚೇ ಇತ್ತು. ಕಣ್ಣಲ್ಲಿ ನೀರು ಬಂತು.

ಯುಗಾದಿಗೆ ಎಂಟು ದಿನ ಇತ್ತು. ಅವರ ಜಾಗಕ್ಕೆ ಸಾವ್ಕಾರರು ಒಬ್ಬ ಸಣಕಲನನ್ನು ಹಾಕಿಕೊಂಡಿದ್ದಾರೆ, ಅವನು ಬಸ್ಸಿನ ತುಂಬ ಅಳಿಲಿನ ಹಾಗೆ ಓಡಾಡುತ್ತಾನೆ ಅಂತ ಡ್ರೈವರ್ ಬಂದು ಹೇಳಿ ಹೋದ. ಡಾಕ್ಟರಿಂದ ಒಂದು ಕಾಗದ ಬರೆಸಿ ಸಾವ್ಕಾರರಿಗೆ ಕಳಿಸೋಣವೇ ಅಂತ ನಾನು ಯೋಚಿಸುತ್ತಿದ್ದೆ.

ಹಬ್ಬಕ್ಕೆ ಎರಡು ದಿನ ಇರುವಾಗ ಸಾವ್ಕಾರರೇ ಬಂದರು. ಕಿಟಕಿಯಿಂದ ಕಂಡ ಹೆಂಡತಿ, "ಬಂದ್ರು, ಬಂದ್ರು" ಅಂದರು. ಕಂಡಕ್ಟರಣ್ಣ ಹೊದಿಕೆಯನ್ನು ಕತ್ತಿನ ತನಕ ಎಳೆದುಕೊಂಡರು.

ಸಾವ್ಕಾರರು ವಾರ್ಡಿಗೆ ಹೋಗಲಿಲ್ಲ. ನೇರ ಡಾಕ್ಟರ ಕೋಣೆಗೆ ನುಗ್ಗಿ, "ಸ್ವಾಮಿ, ತಗ್ದಿದ್ದ ಬಿಸಾಕಿಲ್ಲ ತಾನೆ?" ಅಂದರು.

"ಏನನ್ನ?"

"ಅವನ್ ಒಟ್ಟೇನ. ಮೇಷ್ಟ್ರುದ್ನ ಬಾಟ್ಲೀಲಿ ಮಡಗಿದ್ರಂತಲ್ಲ, ಇವನ್ದೂ ಮಡಗಿರ್ತೀರಿ ಅಂತ ಓಡ್ಬಂದೆ. ವಾಪಸ್ ಒಳೀಕ್ ಆಕಿ ಒಲ್ದುಬುಡಿ, ನಿಮ್ ಕಾಲಿಗ್ ಬೀಳ್ತೀನಿ. ಇವ್ನು ಬಾಗ್ಲಲ್ಲಿ ನಿಂತ್ರೆ ಟಿಕೇಟಿಲ್ದೆ ಒಂದ್ ನರಪಿಳ್ಳೆ ಇಳೀತಿರ್ನಿಲ್ಲ. ಈ ಸಣಕ್ಲ ಮುಂದೀಕ್ ಓದ್ರೆ ಇಂದ್ಗಡೆಯೋರೆಲ್ಲ ಇಳ್ದೋಯ್ತಾವ್ರೆ. ಬಾಗ್ಲಿಗ್ ಬಂದ್ರೆ ಕಂಕ್ಳಲ್ಲೇ ತೂರ್ಕತಾವ್ರೆ. ಬಸ್ಸು ತುಂಬ್ಕೊಂಡ್ ಓಯ್ತದೆ, ಚೀಲ ಬರಿದಾಗ್ ಬತ್ತದೆ."

ಡಾಕ್ಟರು ಸಮಾಧಾನವಾಗಿ, "ನಾವೇನೂ ತೆಗೆದಿಲ್ಲ. ಬೇಕಾದರೆ ಹೋಗಿ ನೋಡಿ" ಅಂದರು.

ಸಾವ್ಕಾರರು ಬರುವ ಹೆಜ್ಜೆ ಸದ್ದು ಕೇಳಿ ಕಂಡಕ್ಟರಣ್ಣ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಬೆನ್ನಿಗಂಟುವಷ್ಟು ಒಳಕ್ಕೆ ಎಳೆದುಕೊಂಡರು. ಹೊಲಿಗೆ ಕಿತ್ತುಹೋಗುವ ನೋವು ಮುಖದಲ್ಲಿ ಕಾಣುತ್ತಿತ್ತು. ಸಾವ್ಕಾರರು ಮಂಚದ ಪಕ್ಕ ನಿಂತು, ಚಪ್ಪಟೆಯಾದ ಹೊದಿಕೆ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡರು. "ಅಯ್ಯಯ್ಯೋ, ಓಯ್ತಲ್ಲಪ್ಪಾ! ಎಂಥಾ ಒಟ್ಟೆ ಆಳ್ ಮಾಡ್ಬುಟ್ರಲ್ಲಪ್ಪಾ!"

ಅಷ್ಟು ಹೊತ್ತಿಗೆ ಕಂಡಕ್ಟರಣ್ಣನ ಉಸಿರು ಮುಗಿಯಿತು. ಬುಸ್ ಅಂತ ಬಿಟ್ಟರು. ಹೊದಿಕೆ ಮೆಲ್ಲಗೆ ಮೇಲೆದ್ದಿತು. ಇನ್ನೂ ಎದ್ದಿತು. ಎದ್ದು ಹಳೆಯ ಜಾಗಕ್ಕೆ ಬಂದು ನಿಂತಿತು.

ಸಾವ್ಕಾರರು ಅದರ ಮೇಲೆ ಕೈಯಿಟ್ಟು ನೋಡಿದರು, ಎರಡೂ ಕೈ ಎತ್ತಿ ಅದಕ್ಕೇ ಮುಗಿದರು. ಆಮೇಲೆ ಕಂಡಕ್ಟರಣ್ಣನ ಹೆಂಡತಿಯ ಕಡೆ ತಿರುಗಿ ಹೇಳಿದರು:

"ಇವತ್ತಿಂದ ಎಲ್ಡ್ ಮುದ್ದೆ ಇಕ್ಕು ಕಣಮ್ಮ."