ಲಿಯೊಂಸ್ ತಂದ ಕೈಕೊಡದ ಕೋವಿ

"ಈ ಸಲ ಲೂಸಿಯಾನದ ಪ್ರತಿಯೊಂದು ಬಾತುಕೋಳಿಗೂ ನನ್ನ ಹೆಸರು ಗೊತ್ತಾಗಬೇಕು!" ಎಂದು ಲಿಯೊಂಸ್ ಬೆಳಗಿನ ಕಾಫಿಯ ಮುಂದೆ ಎದೆಯುಬ್ಬಿಸಿ ಘೋಷಿಸಿದ.

"ಈಗಲೂ ಗೊತ್ತು," ಎಂದಳು ಅವನ ಹೆಂಡತಿ ಓಡಿಲ್, ಬಾಣಲೆಯಲ್ಲಿ ಮೊಟ್ಟೆ ಮಗುಚುತ್ತಾ. "ಅದಕ್ಕೇ ಅಲ್ವಾ, ನಿನ್ನ ಕಂಡ್ರೆ ಒಂದೂ ಕೂತ ಜಾಗ ಬಿಟ್ಟು ಏಳಲ್ಲ."

ಲಿಯೊಂಸ್ ಕೇಳಿಸದವನಂತೆ ಕಾಫಿ ಹೀರಿದ. ಮಹಾಸಂಕಲ್ಪ ಮಾಡಿದವರು ಇಂಥ ಚಿಲ್ಲರೆ ಮಾತಿಗೆಲ್ಲ ಕಿವಿಗೊಡಬಾರದು.

ವಿಷಯ ಏನೆಂದರೆ, ಅವನ ಮಾವ ಕ್ಲೋವಿಸ್ ಜವುಗುನೀರಿನ ನಡುವೆ, ಬಾತುಗಳಿಗೆ ಕಾಣದಂತೆ ಅವಿತು ಕೂರಲು ಜೊಂಡು ಹೊದಿಸಿ ಕಟ್ಟಿದ್ದ ಬೇಟೆ ಮರೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅಲ್ಲಿ ಕೂರುತ್ತಿದ್ದ ಚಿಕ್ಕಮಾವನ ಮೊಣಕಾಲು ಸೋತು, ಅವರು ಮನೆ ಹಿಡಿದಿದ್ದರು. ಚರ್ಚಿನಲ್ಲಿ ಮುಂದಿನ ಸಾಲು ಸಿಗದಿದ್ದರೂ ಆ ಊರಿನಲ್ಲಿ ಗಂಡಸು ಬದುಕಬಹುದು. ಮಾವನ ಬೇಟೆ ಮರೆಯಲ್ಲಿ ಜಾಗ ಸಿಗದವನು ಅಳಿಯನೇ ಅಲ್ಲ. ಮದುವೆಯಾದ ಲಾಗಾಯ್ತು ಲಿಯೊಂಸ್ ದಡದ ಗುಡಿಸಲಿನಲ್ಲಿ ಕೂತು ಈರುಳ್ಳಿ ಹೆಚ್ಚುತ್ತಾ, ಬೇರೆಯವರು ಹೊಡೆದು ತಂದ ಬಾತುಗಳ ಪುಕ್ಕ ಕೀಳುತ್ತಾ ಕಾಲ ಹಾಕಿದ್ದ. ಹೊರಗೆ ನಗುತ್ತಿದ್ದರೂ ಅವನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಹೋದ ವರ್ಷ ಒಮ್ಮೆ ಕನಿಕರಪಟ್ಟು ಕರೆದುಕೊಂಡು ಹೋಗಿದ್ದರು. ಹಿಂಡು ನೆತ್ತಿಯ ಮೇಲೇ ಬಂದಾಗ ಅವನ ಹಳೆಯ ಕೋವಿ ತೋಟಾ ಸಿಕ್ಕಿಸಿಕೊಂಡು ಮುಷ್ಕರ ಹೂಡಿತ್ತು.

"ಕೈಕೊಡದ ಕೋವಿ ತಗೊಂಡು ಬಾ, ಜಾಗ ನಿಂದು," ಎಂದಿದ್ದರು ಮಾವ. "ಇಲ್ಲಾಂದ್ರೆ ಆಡ್ಲಿಗೆ."

ಆಡ್ಲಿ ಓಡಿಲಳ ತಮ್ಮ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಪೈಕಿ. ಹತ್ತು ವರ್ಷದಿಂದ ಬೇಟೆಯಾಡುತ್ತಿದ್ದರೂ ಇನ್ನೂ ಸ್ವಂತ ಕೋವಿ ಕೊಂಡಿರಲಿಲ್ಲ, ಕಂಡಕಂಡವರ ಬಳಿ ಎರವಲು ಪಡೆಯುತ್ತಿದ್ದ.

ಹೀಗೆ ಶುರುವಾಯಿತು ಲಿಯೊಂಸನ ಸಂಶೋಧನೆ. ಖಾಲಿ ತೋಟಾವನ್ನು ತಾನೇ ಹೊರಗೆಸೆದು ಹೊಸದನ್ನು ತಾನೇ ಎಳೆದುಕೊಳ್ಳುವ ಸೆಮಿ-ಆಟೋಮ್ಯಾಟಿಕ್ ಕೋವಿಯೇ ಆಗಬೇಕು. ನಂಬಿಕಸ್ತವಾಗಿರಬೇಕು, ಅಗ್ಗವಾಗಿಯೂ ಇರಬೇಕು. ಇಟಲಿಯ ಕೋವಿ ಕೈಗೆತ್ತಿಕೊಂಡರೆ ಹೂವಿನಷ್ಟು ಹಗುರ. ಬೆಲೆ ಕೇಳಿದರೆ ದೋಣಿ, ದೋಣಿಯ ಎಂಜಿನ್ನು ಎರಡನ್ನೂ ಮಾರಬೇಕು! ಗಿರವಿ ಅಂಗಡಿಯದು ಅಗ್ಗವೇನೋ ಸರಿ, ಅಲುಗಿಸಿದರೆ ಒಳಗೆ ಗಿಲಕಿಯ ಸದ್ದು. ಕ್ಷೌರದಂಗಡಿಯಲ್ಲಿ ಒಬ್ಬ, "ತೋಟಾದ ಹೊಗೆಯ ಒತ್ತಡದಿಂದ ನಡೆಯೋದೇ ಒಳ್ಳೇದು, ಭುಜಕ್ಕೆ ಪೆಟ್ಟು ಕಡಿಮೆ" ಎಂದ. ಇನ್ನೊಬ್ಬ, "ಅದು ಬೇಗ ಮಸಿ ಹಿಡಿಯುತ್ತೆ, ಸ್ಪ್ರಿಂಗಿನದೇ ಸರಿ" ಎಂದ. ಮಾತು ಬೆಳೆದು ಇಬ್ಬರೂ ಅರ್ಧ ಕ್ಷೌರದಲ್ಲೇ ಎದ್ದು ಹೊರಟರು.

"ನನ್ನ ಮದುವೆ ಆಗೋಕೆ ಮುಂಚೆ ಇಷ್ಟೆಲ್ಲ ವಿಚಾರಿಸಿದ್ಯಾ?" ಎಂದು ಓಡಿಲ್ ಕೇಳಿದಳು.

"ನಿನ್ನ ವಿಷಯದಲ್ಲಿ ವಿಚಾರಿಸೋದೇನಿತ್ತು?"

"ಅದೂ ಸರಿ. ವಿಚಾರಿಸಬೇಕಾಗಿದ್ದವಳು ನಾನು."

ಕೊನೆಗೆ ಊರಾಚೆಯ ಅಂಗಡಿಯಲ್ಲಿ ಹೊಗೆಯ ಒತ್ತಡದಿಂದ ನಡೆಯುವ ತುರ್ಕಿ ದೇಶದ ಕೋವಿಯೊಂದು ಅವನ ಕಣ್ಣಿಗೆ ಬಿತ್ತು. ಬೆಲೆ ಜೇಬಿಗೆ ಹೊಂದುವಂಥದ್ದು, ಮೈಕಟ್ಟು ಭುಜಕ್ಕೆ ಹೊಂದುವಂಥದ್ದು. "ಒಳ್ಳೆ ಮಾಲು," ಎಂದಳು ಅಂಗಡಿಯಾಕೆ. "ಹೊಸದರಲ್ಲಿ ಒಳಗೆಲ್ಲ ಗ್ರೀಸು ಮೆತ್ತಿರುತ್ತೆ. ಬಿಚ್ಚಿ, ಒರೆಸಿ, ಜೋಡಿಸಿಬಿಡು. ಆಮೇಲೆ ನಿನ್ನ ಜನ್ಮ ಪೂರ್ತಿ ಕೈಕೊಡಲ್ಲ."

ಶುಕ್ರವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಶಸ್ತ್ರಪೂಜೆ ಆರಂಭವಾಯಿತು. ಮೇಜಿನ ಆ ತುದಿಯಲ್ಲಿ ಓಡಿಲ್ ರಾಜರ ಕೇಕಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ಮಾರ್ಡಿ ಗ್ರಾ ಹಬ್ಬ ಬರುವವರೆಗೂ ಒಂದಲ್ಲ ಒಂದು ಮನೆಯಲ್ಲಿ ಆ ಕೇಕು ಇದ್ದೇ ಇರಬೇಕು. ಶನಿವಾರ ಸಂಜೆ ತವರಿನವರೆಲ್ಲ ಬರುವವರಿದ್ದರು.

"ಕೋವಿ ಬಿಚ್ಚೋಕೆ ಗ್ಯಾರೇಜ್ ಇಲ್ವಾ?"

"ಅಲ್ಲಿ ಬೆಳಕು ಸಾಲಲ್ಲ."

"ಗ್ರೀಸು ನನ್ನ ಹಿಟ್ಟಿಗೆ ತಾಕಲಿ, ನಿನ್ನನ್ನೇ ಲಟ್ಟಿಸಿಬಿಡ್ತೀನಿ."

ಲಿಯೊಂಸ್ ಒಂದು ಟವೆಲ್ ಸುರುಳಿ ಸುತ್ತಿ ಮೇಜಿನ ನಡುವೆ ಗಡಿ ಹಾಕಿದ. ಈಚೆ ತನ್ನ ಸಾಮ್ರಾಜ್ಯ, ಆಚೆ ಅವಳದು. ತನ್ನ ಕಡೆ ನಳಿಗೆ, ಸ್ಪ್ರಿಂಗು, ಪಿನ್ನು, ಹಸುಗೂಸಿನ ಬಳೆಯಂಥ ಒಂದು ಕಪ್ಪು ರಬ್ಬರ್ ರಿಂಗು, ಎಲ್ಲವನ್ನೂ ಹರವಿದ. ಜೊತೆಗೆ ಬಂದಿದ್ದ ಪುಸ್ತಕವನ್ನು ತೆರೆಯಲಿಲ್ಲ. ಗಂಡಸಾದವನು ಪುಸ್ತಕ ಓದಿ ಕೋವಿ ಜೋಡಿಸುತ್ತಾನೆಯೇ! ನಡುವೆ ಸ್ಪ್ರಿಂಗೊಂದು ಚಂಗನೆ ಹಾರಿ ಫ್ರಿಜ್ಜಿನ ಅಡಿಗೆ ಹೋಯಿತು. ಅದನ್ನು ಹಿಡಿಯಲು ಅವನು ಎದ್ದ ರಭಸಕ್ಕೆ ಮೇಜು ಅಲುಗಿತು, ಟವೆಲ್ ಉರುಳಿತು, ದಾಲ್ಚಿನ್ನಿ ಸಕ್ಕರೆ ಎರಚಾಡಿತು. ಓಡಿಲ್ ಬೈದುಕೊಂಡೇ ಎಲ್ಲವನ್ನೂ ಬಳಿದು ಹಿಟ್ಟಿನೊಳಗೆ ತುಂಬಿ, ಜಡೆ ಹೆಣೆದು ಒಲೆಗಿಟ್ಟಳು.

ಜೋಡಿಸಿ ಮುಗಿಸಿದ ಲಿಯೊಂಸ್ ಬರಿದಾದ ಮೇಜನ್ನು ತೋರಿಸಿ ಕೂಗಿದ: "ನೋಡು! ಒಂದೇ ಒಂದು ಸಾಮಾನು ಮಿಕ್ಕಿಲ್ಲ! ಹೋದ ಸಲ ನೀರಿನ ಪಂಪು ರಿಪೇರಿ ಮಾಡಿದಾಗ ಮೂರು ಸ್ಕ್ರೂ ಮಿಕ್ಕಿತ್ತು, ನೆನಪಿದ್ಯಾ?"

"ನೆನಪಿದೆ. ಆ ಪಂಪೂ ನೆನಪಿದೆ."

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಬೇಟೆ ಮರೆಯಲ್ಲಿ ಮಾವ, ಪರೀಕ್ಷೆ ನೋಡಲೆಂದೇ ಬಂದಿದ್ದ ಆಡ್ಲಿ, ಹೊಸ ಕೋವಿ ಹಿಡಿದ ಲಿಯೊಂಸ್ ಮೂವರೂ ಉಸಿರು ಬಿಗಿಹಿಡಿದು ಕುಳಿತಿದ್ದರು. ಹಿಂಡು ಬಂತು. ಲಿಯೊಂಸ್ ಎದ್ದ. ಢಂ! ಒಂದು ಬಾತು ನೀರಿಗೆ ಬಿತ್ತು. ಅವನ ಕಣ್ಣಲ್ಲಿ ನೀರೇ ಬಂತು. ಎರಡನೆಯದಕ್ಕೆ ಟ್ರಿಗರ್ ಒತ್ತಿದ. ಕೋವಿ ಮೌನವ್ರತ ಹಿಡಿದಿತ್ತು! ಖಾಲಿ ತೋಟಾ ಒಳಗೇ ಕೂತಿತ್ತು. ಕೈಯಿಂದ ಹಿಡಿಕೆ ಎಳೆದು ಅದನ್ನು ಹೊರಹಾಕುವಷ್ಟರಲ್ಲಿ ಹಿಂಡು ಪಕ್ಕದ ಊರು ಸೇರಿತ್ತು. ಮುಂದಿನ ಹಿಂಡಿಗೂ ಅದೇ ಗತಿ, ಅದರ ಮುಂದಿನದಕ್ಕೂ ಅದೇ.

"ಇದನ್ನ ಸೆಮಿ-ಆಟೋಮ್ಯಾಟಿಕ್ ಅಂದ್ಯಲ್ಲಾ?" ಎಂದು ಮಾವ ನಿಧಾನವಾಗಿ ಕೇಳಿದರು.

"ಹೌದು ಮಾವ."

"ಅಂದ್ರೆ ಅರ್ಧ ಕೆಲಸ ಕೋವಿದು, ಇನ್ನರ್ಧ ನಿಂದು. ಅಲ್ವಾ?"

ದೋಣಿಯಲ್ಲಿ ವಾಪಸು ಬರುವಾಗ ಲಿಯೊಂಸ್ ತಲೆ ಎತ್ತಲಿಲ್ಲ. ಆಡ್ಲಿ ಹತ್ತಿರ ಸರಿದು ಕೂತ. "ಪಾಪ, ಮೋಸ ಹೋದೆ ಭಾವ. ಆ ಡಬ್ಬಾ ಕಣ್ಣೆದುರು ಇದ್ರೆ ನಿಂಗೂ ಸಂಕಟ. ನಂಗೆ ಕೊಟ್ಬಿಡು, ಗೋಡೆಗೆ ತೂಗುಹಾಕ್ತೀನಿ. ಒಂದು ಪೆಟ್ಟಿಗೆ ಸೀಗಡಿ ಕೊಡ್ತೀನಿ."

"ತಗೊಂಡು ಹೋಗು! ಹುಟ್ಟುತ್ತಲೇ ಕೆಟ್ಟ ಕೋವಿ ಅದು! ಅದರ ಮುಖ ಇನ್ನು ಈ ಜನ್ಮದಲ್ಲಿ ನೋಡಲ್ಲ!"

ಮನೆಯಲ್ಲಿ ಓಡಿಲ್ ಕೇಳಿದಳು, "ಕೋವಿ ಎಲ್ಲಿ?"

ಲಿಯೊಂಸ್ ಸೀಗಡಿ ಪೆಟ್ಟಿಗೆಯನ್ನು ಮುಂದೆ ತಳ್ಳಿದ.

ಅವಳು ಪೆಟ್ಟಿಗೆ ನೋಡಿದಳು, ಗಂಡನನ್ನು ನೋಡಿದಳು. "ಇನ್ನೊಂದ್ಸಲ ಬಿಚ್ಚಿ ನೋಡಬಾರದಿತ್ತಾ?"

"ಬಿಚ್ಚಿದವನು ನಾನು! ಜೋಡಿಸಿದವನೂ ನಾನೇ! ನನ್ನ ಕೆಲಸದಲ್ಲಿ ತಪ್ಪಿರುತ್ತಾ?"

"ಇರಲ್ಲ, ಇರಲ್ಲ. ಸಿಪ್ಪೆ ಬಿಡಿಸು ಹಾಗಾದ್ರೆ."

ಸಂಜೆ ಮನೆ ತುಂಬಿತು. ಸೀಗಡಿ ಸಾರು, ಅನ್ನ ಮುಗಿದು, ನೇರಳೆ, ಹಸಿರು, ಬಂಗಾರ ಬಣ್ಣದ ಸಕ್ಕರೆ ಉದುರಿಸಿದ ಕೇಕು ಮೇಜಿಗೆ ಬಂತು. ಒಳಗೊಂದು ಪುಟ್ಟ ಬೊಂಬೆ ಅಡಗಿರುತ್ತದೆ. ಅದು ಯಾರ ತುಂಡಿನಲ್ಲಿ ಸಿಗುತ್ತದೋ ಮುಂದಿನ ಕೇಕು, ಮುಂದಿನ ಔತಣ ಅವರದು. ಹಾಗಾಗಿ ಆಡ್ಲಿ ಹೆದರುತ್ತಾ, ಮೆಲ್ಲಗೆ ಕಚ್ಚಿದ. ಕಚ್ಚಿದವನು ಹಾಗೇ ನಿಂತ.

"ಸಿಕ್ತು ಬೊಂಬೆ! ಸಿಕ್ತು!" ಎಂದು ಎಲ್ಲರೂ ಕೂಗಿದರು.

ಆಡ್ಲಿ ಹಲ್ಲಿನ ಸಂದಿಯಿಂದ ಎಳೆದದ್ದು ದಾಲ್ಚಿನ್ನಿ ಮೆತ್ತಿದ ಒಂದು ಕಪ್ಪು ರಿಂಗು.

"ನಾನು ಹಾಕಿದ್ದು ಬೊಂಬೆ ಒಂದೇ," ಎಂದಳು ಓಡಿಲ್. ಹಾಗೆಂದವಳು ಗಂಡನ ಕಡೆ ತಿರುಗಿದಳು. ಗಂಡ ಸೂರಿನ ಕಡೆ ನೋಡತೊಡಗಿದ.

ಮಾವ ರಿಂಗನ್ನು ಅಂಗಿಗೆ ಒರೆಸಿ ದೀಪಕ್ಕೆ ಹಿಡಿದು ನೋಡಿದರು. "ಆಡ್ಲಿ, ನಿನ್ನ ಗಾಡಿಯಲ್ಲಿರೋ ಆ ಕೋವಿ ತಾ."

ಗ್ಯಾಸ್ಕೆಟ್ ಇಲ್ಲದ ಕುಕ್ಕರ್ ಸೀಟಿ ಕೂಗುವುದಿಲ್ಲ. ಆ ಕೋವಿಯ ಕಥೆಯೂ ಅಷ್ಟೇ ಆಗಿತ್ತು. ಒತ್ತಡ ಹಿಡಿದಿಡುವ ರಿಂಗೇ ಇಲ್ಲದೆ ಹೊಗೆಯೆಲ್ಲ ಸೋರಿಹೋಗುತ್ತಿತ್ತು. ಮಾವ ನಳಿಗೆ ಕಳಚಿ, ರಿಂಗು ಕೂರಿಸಿ, ಮೆಟ್ಟಿಲ ಮೇಲೆ ನಿಂತು ನಿರ್ಜನ ಜವುಗಿನ ಕಡೆಗೆ ಗುರಿ ಹಿಡಿದರು. ಢಂ! ಢಂ! ಢಂ! ಖಾಲಿ ತೋಟಾಗಳು ವಿಧೇಯ ವಿದ್ಯಾರ್ಥಿಗಳಂತೆ ಒಂದರ ಹಿಂದೊಂದು ಹೊರಬಿದ್ದವು.

"ಕೈಕೊಡದ ಕೋವಿ ಯಾರದೋ ಜಾಗ ಅವರದು. ಆಡಿದ ಮಾತು ತಪ್ಪೋನಲ್ಲ ನಾನು," ಎಂದು ಮಾವ ಕೋವಿಯನ್ನು ಆಡ್ಲಿಯ ಕೈಗಿಟ್ಟರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಲಿಯೊಂಸನಿಗೆ ಅಳು ಬರುವಂತಾಯಿತು. ಮುಖ ಮರೆಸಿಕೊಳ್ಳಲು ತನ್ನ ಪಾಲಿನ ಕೇಕನ್ನು ಇಡಿಯಾಗಿ ಬಾಯಿಗೆ ತುರುಕಿದ. ಹಲ್ಲಿಗೆ ಕಟಕ್ಕೆಂದಿತು. ಬೊಂಬೆ!

"ಮುಂದಿನ ಔತಣ ಭಾವಂದು!" ಎಂದು ಆಡ್ಲಿ ಕುಣಿದ. "ನಂಗೆ ಜಾಗ ಸಿಕ್ಕಿದ್ದಕ್ಕೆ!"

ಓಡಿಲ್ ಬಂದು ಗಂಡನ ಬೆನ್ನು ಸವರಿದಳು. "ಬೇಜಾರು ಮಾಡ್ಕೋಬೇಡ. ಅಗ್ಗದ್ದು, ನಂಬಿಕಸ್ತದ್ದು ಹುಡುಕೇ ಹುಡುಕ್ತೀನಿ ಅಂದಿದ್ದೆ, ಹುಡುಕಿದೆಯಲ್ಲ. ಒಂದು ಪೆಟ್ಟಿಗೆ ಸೀಗಡಿಗೆ ಇದಕ್ಕಿಂತ ಒಳ್ಳೆ ಕೋವಿ ನನ್ನ ತಮ್ಮನಿಗೆ ಇನ್ನೆಲ್ಲಿ ಸಿಗ್ತಿತ್ತು?"